ಸೂರ್ಯಾಸ್ತ ಆರು ಹದಿನಾಲ್ಕು

ರಾಮಚಂದ್ರರಾಯರಿಗೆ ಕೋರ್ಟಿನಲ್ಲಿ ‘ಪಂಚಾಂಗ’ ಎಂದು ಅಡ್ಡಹೆಸರು ಇಟ್ಟವಳು ನಾನೇ. ಅವರ ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಹಿಂದಿನಿಂದ ಮಾತ್ರ ದೊಡ್ಡ ಸಾಹೇಬರಿಂದ ಹಿಡಿದು ಚಹಾ ತರುವ ಬಾಬುವಿನ ತನಕ ಎಲ್ಲರ ಬಾಯಲ್ಲೂ ಅದೇ ಹೆಸರು. ಆಗ ನನಗೆ ಅದು ಬಹಳ ಜಾಣತನದ ಮಾತೆನಿಸಿತ್ತು. ಈಗ ನೆನಪಾದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ನಾನು ಸಂಘಮಿತ್ರಾ. ವಿಜಯಪುರದ ಕೋರ್ಟೊಂದರ ನಾಜರ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಗುಮಾಸ್ತಿಕೆ ಮಾಡಿ ಐದು ವರ್ಷದ ಹಿಂದೆ ನಿವೃತ್ತಳಾದೆ. ವಾರಂಟುಗಳನ್ನು ಬೇಲೀಫರ ಕೈಗೆ ಕೊಟ್ಟು ಕಳಿಸುವುದು, ಅವರು ಅದರ ಬೆನ್ನಿಗೆ ಬರೆದು ತಂದ ಷರಾವನ್ನು ಕಡತಕ್ಕೆ ಸೇರಿಸುವುದು ನನ್ನ ಕೆಲಸವಾಗಿತ್ತು. ಕೋರ್ಟಿನಲ್ಲಿ ಗೆದ್ದರೆ ಎಲ್ಲ ಮುಗಿಯಿತು ಎಂದು ಜನ ತಿಳಿದಿರುತ್ತಾರೆ. ಗೆದ್ದವರ ಕೈಗೆ ಬರುವುದು ಬರೀ ಡಿಕ್ರಿಯ ಕಾಗದ. ಸೋತವನು ತಾನಾಗಿ ಕೊಡದಿದ್ದರೆ ಮತ್ತೆ ದರಖಾಸ್ತು ಹಾಕಬೇಕು, ಜಪ್ತಿ ವಾರಂಟು ಹೊರಡಿಸಬೇಕು, ಬೇಲೀಫ ಊರಿಗೆ ಹೋಗಿ ಆ ವಸ್ತುವನ್ನು ಹಿಡಿದು ತರಬೇಕು. ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಹುಟ್ಟಿದ್ದು ನಮ್ಮ ಮೇಜಿನ ಎದುರಿಗೇ ಇರಬೇಕು.

ರಾಯರು ಅಂಥ ಬೇಲೀಫರು. ಮೂವತ್ತಾರು ವರ್ಷದ ನೌಕರಿ. ತೆಳ್ಳನೆಯ ದೇಹ, ಕಾಲರು ಸವೆದ ಬಿಳಿ ಅಂಗಿ, ಹೆಗಲಿಗೆ ಖಾದಿ ಚೀಲ, ಎಡಗೈಗೆ ಕೀಲಿ ಕೊಡುವ ಹಳೆಯ ಗಡಿಯಾರ. ಜಪ್ತಿಗೆ ಹೋದ ಮನೆಯಲ್ಲಿ ಚಹಾ ಇರಲಿ, ನೀರನ್ನೂ ಕುಡಿಯುತ್ತಿರಲಿಲ್ಲ. ಚೀಲದಲ್ಲಿ ತಮ್ಮದೇ ನೀರಿನ ಬಾಟಲಿ ಇಟ್ಟುಕೊಂಡಿರುತ್ತಿದ್ದರು. ಹೆದರಿ ನಿಂತ ಹೆಂಗಸರಿಗೆ, “ಅಂಜಬ್ಯಾಡ್ರಿ, ಅಡಗಿ ಪಾತ್ರಿ ಮುಟ್ಟೂದಿಲ್ಲ, ಹಾಸಿಗಿ ಮುಟ್ಟೂದಿಲ್ಲ, ತಾಳಿ ಮುಟ್ಟೂದಿಲ್ಲ” ಎಂದು ಮಂತ್ರ ಹೇಳಿದ ಹಾಗೆ ಹೇಳಿ ಆಮೇಲೆಯೇ ಹೊಸ್ತಿಲು ದಾಟುತ್ತಿದ್ದರು. ಅವರ ಕೈಗೆ ಹತ್ತು ರೂಪಾಯಿ ಇಟ್ಟು ವಾರಂಟು ತಿರುಗಿಸಿದೆ ಎಂದು ಹೇಳುವ ಗಂಡಸು ಇಡೀ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ.

‘ಪಂಚಾಂಗ’ ಎಂಬ ಹೆಸರು ಯಾಕೆಂದರೆ, ಪ್ರತಿ ಯುಗಾದಿಗೆ ಮನೆಗೆ ಹೊಸ ಪಂಚಾಂಗ ಬಂದ ದಿನ ರಾಯರು ಒಂದು ಕಿಸೆ ಪುಸ್ತಕ ಹಿಡಿದು ಕೂಡುತ್ತಿದ್ದರು. ಇಡೀ ವರ್ಷದ ಸೂರ್ಯೋದಯ, ಸೂರ್ಯಾಸ್ತದ ವೇಳೆಯನ್ನು ದಿನಕ್ಕೊಂದು ಸಾಲಿನಂತೆ ಅದರಲ್ಲಿ ಬರೆದುಕೊಳ್ಳುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಜಪ್ತಿ ಇಲ್ಲ, ಇದು ಅವರ ವ್ರತ. ಆ ವ್ರತದ ಹಿಂದೆ ಒಂದು ಕಥೆಯಿತ್ತು. ಅದನ್ನು ಅವರೇ ನನಗೆ ಹತ್ತು ಸಲವಾದರೂ ಹೇಳಿದ್ದಾರೆ.

ನೌಕರಿಗೆ ಸೇರಿದ ಹೊಸತು. ಬಬಲೇಶ್ವರದಲ್ಲಿ ಹುಚ್ಚವ್ವ ಎಂಬ ಮುದುಕಿಯ ಮನೆಗೆ ಜಪ್ತಿಗೆ ಹೋಗಿದ್ದರು. ಸಾಲ ಮಾಡಿದವನು ಮಗ. ಬಸ್ಸು ಕೆಟ್ಟು ನಿಂತದ್ದರಿಂದ ಇವರು ಊರು ಮುಟ್ಟುವಾಗ ಸಂಜೆಯಾಗಿತ್ತು. ಹುಚ್ಚವ್ವ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿ ಹೊರಗೆ ಬಂದಿದ್ದಳು. ರಾಯರು ಬಚ್ಚಲಿನ ತಾಮ್ರದ ಹಂಡೆ ಎತ್ತಿಸಿದರು. ಮುದುಕಿ ಹೊಸ್ತಿಲಿಗೆ ಅಡ್ಡ ನಿಂತು, “ದೀಪಾ ಹಚ್ಚೇನೋ ಯಪ್ಪಾ, ಈಗ ಮನಿಂದ ಏನೂ ಹೊರಗ ಹೋಗಬಾರದೋ. ಮುಂಜಾನಿ ಬಾ, ನಾನ ಎತ್ತಿ ಕೊಡತೇನಿ” ಎಂದು ಅಂಗಲಾಚಿದಳು. ಇವರು ಕೇಳಲಿಲ್ಲ. ಮುಂದಿನ ತಾರೀಖಿಗೆ ಆಕೆಯ ವಕೀಲರು ತಕರಾರು ತೆಗೆದರು. ಜಡ್ಜ್ ಸಾಹೇಬರು ತುಂಬಿದ ಕೋರ್ಟಿನಲ್ಲಿ ಇವರನ್ನು ನಿಲ್ಲಿಸಿ ಎಷ್ಟು ಗಂಟೆಗೆ ಒಳಗೆ ಹೋದೆ ಎಂದು ಕೇಳಿ, ಮೈ ಬೆವರಿಳಿಯುವಂತೆ ಬೈದರು. ಹಂಡೆ ವಾಪಸು ಕೊಡಬೇಕೆಂದು ಹುಕುಮಾಯಿತು. ಕೊಡಲು ಹೋದಾಗ ಹುಚ್ಚವ್ವ ಹಂಡೆಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡಳಂತೆ, ಇವರ ಮುಖ ನೋಡಲಿಲ್ಲವಂತೆ.

ಆಗಿನ ಶಿರಸ್ತೇದಾರರು ಕುತುಬುದ್ದೀನ ಸಾಹೇಬರು. ಹುಡುಗ ಅಳುಮೋರೆ ಹಾಕಿಕೊಂಡು ಕೂತಿದ್ದನ್ನು ನೋಡಿ ಅವರು ಹೇಳಿದರಂತೆ: “ರಾಮಚಂದ್ರ, ಹೊತ್ತು ಮುಳುಗಿದ ಮ್ಯಾಲ ಜಪ್ತಿ ಇಲ್ಲ. ಇಷ್ಟು ನೆನಪಿಟ್ಟರ ಪಿಂಚಣಿ ತನಕಾ ಆರಾಮ ಹೋಗತಿ.” ರಾಯರು ಅದನ್ನು ನೆನಪಿಟ್ಟುಕೊಂಡರು. ಕಾಯ್ದೆ ಪುಸ್ತಕ ತೆಗೆದು ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ, ಏಕೆಂದರೆ ಆ ಮಾತು ಅವರಿಗೆ ಹೊಸದಾಗಿರಲಿಲ್ಲ. ಅವರ ತಾಯಿ ದೀಪ ಹಚ್ಚಿದ ಮೇಲೆ ನೆರೆಮನೆಗೆ ಉಪ್ಪು, ಮೊಸರು ಕೊಡುತ್ತಿರಲಿಲ್ಲ. ಹೆಂಡತಿ ಜಾನಕೀಬಾಯಿಯವರೂ ಕೊಡುವುದಿಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿನಲ್ಲಿ ಮನೆಯ ವಸ್ತು ಹೊರಗೆ ಹೋಗಬಾರದು, ಅಷ್ಟೇ. “ಇಂಗ್ರೇಜರು ಎಷ್ಟು ಶ್ಯಾಣ್ಯಾ ಇದ್ರು ನೋಡ್ರಿ ಬಾಯಾರ, ನಮ್ಮ ಅವ್ವನ ಮಾತು ಕಾಯ್ದೆ ಒಳಗ ಬರದಿಟ್ಟಾರ” ಎಂದು ನನ್ನ ಮುಂದೆ ಹೆಮ್ಮೆಪಡುತ್ತಿದ್ದರು. ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ.

ಇನ್ನು ಗುರುಬಾಯಿಯ ವಿಷಯ. ಅವಳು ಅರಕೇರಿಯವಳು. ಗಂಡ ಅಮೋಘಿ ಕುರಿ ಕಾಯುವವನು. ಅವನಿಗೆ ಎದೆಯ ಬೇನೆ ಹತ್ತಿ ಗುಡ್ಡ ತಿರುಗಲು ಆಗದಾದಾಗ, ತನ್ನ ಇಪ್ಪತ್ತೆರಡು ಹೆಣ್ಣು ಕುರಿಗಳನ್ನು ಮಮದಾಪುರದಲ್ಲಿದ್ದ ದೊಡ್ಡಪ್ಪನ ಮಗ ಮಹಾದೇವನಿಗೆ ಪಾಲಿಗೆ ಕೊಟ್ಟ. ಪಾಲಿಗೆ ಕೊಡುವುದೆಂದರೆ ಕುರಿ ಕೊಟ್ಟವನವೇ, ಮೇಯಿಸುವವನು ಇನ್ನೊಬ್ಬ, ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಅರ್ಧರ್ಧ. ಇದಕ್ಕೆ ಕಾಗದ ಪತ್ರ ಇರುವುದಿಲ್ಲ. ಗುರುತೆಂದರೆ ಕಿವಿಯ ಕಚ್ಚು, ಮನೆತನಕ್ಕೊಂದು ಬಗೆ. ಅಮೋಘಿಯ ಕುರಿಗೆ ಎಡಗಿವಿಯಲ್ಲಿ ಎರಡು ಕಚ್ಚು.

ಅಮೋಘಿ ತೀರಿಕೊಂಡ. ಗುರುಬಾಯಿ ಹೋಗಿ ಕುರಿ ಕೇಳಿದಳು. ಮಹಾದೇವ, “ಯಾವ ಕುರಿ? ಅಣ್ಣ ನನಗ ಮಾರಿ ಹೋಗ್ಯಾನ” ಎಂದ. ಅವಳ ಬಳಿ ಬೇರೆ ಆಸ್ತಿ ಇರಲಿಲ್ಲ. ಕುರಿ ಬಂದರೆ ತನ್ನ ಹಿಂಡು ತಾನು ಕಾಯಬಹುದು, ಮಗಳು ಸುಧಾರಾಣಿಯನ್ನು ಸಾಲಿ ಬಿಡಿಸದೆ ಓದಿಸಬಹುದು. ಬರದಿದ್ದರೆ ತಾಯಿ ಮಗಳು ಇಬ್ಬರೂ ಕೂಲಿ. ಕಿವಿಯ ಎರಡು ಕಚ್ಚನ್ನೇ ಸಾಕ್ಷಿ ಮಾಡಿಕೊಂಡು ಆ ಹೆಣ್ಣುಮಗಳು ಕೋರ್ಟಿಗೆ ಬಂದಳು. ನಾಲ್ಕು ವರ್ಷ ಅಲೆದಳು. ಎರಡು ಸಾವಿರದ ಹನ್ನೊಂದರಲ್ಲಿ ಗೆದ್ದಳು. ಇಪ್ಪತ್ತೆರಡು ಕುರಿ ವಾಪಸು ಕೊಡಬೇಕು, ಇಲ್ಲವಾದರೆ ಬೆಲೆ ಕೊಡಬೇಕು ಎಂದು ಡಿಕ್ರಿಯಾಯಿತು. ಬೆಲೆಯ ಮಾತು ಕಾಗದದಲ್ಲೇ ಉಳಿಯಿತು. ಮಹಾದೇವನ ಹೆಸರಿನಲ್ಲಿ ಒಂದು ಗುಂಟೆ ಹೊಲವಿಲ್ಲ, ಮನೆ ತಂದೆಯ ಹೆಸರಿನಲ್ಲಿತ್ತು. ಕುರಿ ಹಿಡಿಯಬೇಕು, ಅದೊಂದೇ ದಾರಿ.

ವಾರಂಟು ರಾಯರ ಕೈಗೆ ಬಂತು. ಅವರು ನಾಲ್ಕು ಸಲ ಮಮದಾಪುರಕ್ಕೆ ಹೋದರು. ನಾಲ್ಕು ಸಲವೂ ಊರ ಹೊರಗಿನ ಕುರಿ ದಡ್ಡಿ ಖಾಲಿ. ಒಳಗೆ ಹಿಕ್ಕೆ, ಸುತ್ತ ಜಾಲಿಮುಳ್ಳಿನ ಬೇಲಿ, ಅಷ್ಟೇ. ಕುರಿ ಹಗಲಲ್ಲಿ ದಡ್ಡಿಯಲ್ಲಿರುತ್ತವೆಯೇ? ಕೆರೆಯ ಕಡೆ ಹೋಗಿವೆ ಎಂದು ಒಬ್ಬರು ಹೇಳಿದರೆ, ಗುಡ್ಡದ ಕಡೆ ಎಂದು ಇನ್ನೊಬ್ಬರು. ರಾಯರು ಉರಿಬಿಸಿಲಲ್ಲಿ ಕೆರೆಯ ಏರಿ ತಿರುಗಿ, ಕುರಿಯ ಹೆಜ್ಜೆ ನೋಡಿಕೊಂಡು ವಾಪಸು ಬಂದು ಷರಾ ಬರೆಯುತ್ತಿದ್ದರು. ನಾನು ಅದನ್ನು ಕಡತಕ್ಕೆ ಸೇರಿಸಿ, “ಏನ್ರಿ ರಾಯರ, ಕುರಿಗಿ ಸಮನ್ಸ್ ಕಳಸೋಣೇನು?” ಎಂದು ಕಾಡುತ್ತಿದ್ದೆ.

ಐದನೆಯ ಸಲ ಗುರುಬಾಯಿಯೇ ಉಪಾಯ ಹೇಳಿದಳು. ಮಧ್ಯಾಹ್ನವೇ ಹೋಗಿ ದಡ್ಡಿಯ ಹತ್ತಿರ ಕೂಡುವುದು, ಹಿಂಡು ಸಂಜೆ ತಿರುಗಿ ಬಂದೊಡನೆ ಹಿಡಿಯುವುದು. ಜನವರಿ ತಿಂಗಳು, ಎರಡು ಸಾವಿರದ ಹದಿಮೂರು. ಹಿಂಡು ದಿನಾಲೂ ಐದೂವರೆಗೆಲ್ಲ ಬರುತ್ತದೆ ಎಂದು ಅವಳು ವಿಚಾರಿಸಿಕೊಂಡು ಬಂದಿದ್ದಳು. ಇಬ್ಬರೂ ಬೇವಿನ ಗಿಡದ ಕೆಳಗೆ ಕೂತರು. ಐದೂವರೆಯಾಯಿತು. ಆರಾಯಿತು. ಕುರಿಯಿಲ್ಲ. ಸೂರ್ಯ ಕೆರೆಯ ಏರಿಯಾಚೆ ಇಳಿದ. ಕಿಸೆ ಪುಸ್ತಕದಲ್ಲಿ ಆ ದಿನದ ಸಾಲು: ಸೂರ್ಯಾಸ್ತ ಆರು ಹದಿನಾಲ್ಕು. ಹಿಂಡಿನ ಧೂಳು ಕಂಡದ್ದು ಆರು ಇಪ್ಪತ್ತಕ್ಕೆ. ತಡವಾದದ್ದಕ್ಕೆ ಕಾರಣವೂ ಕಾಣಿಸಿತು. ಮಹಾದೇವನ ಕಂಬಳಿಯೊಳಗೆ ಆಗಷ್ಟೇ ಹುಟ್ಟಿದ ಒಂದು ಮರಿಯಿತ್ತು. ದಾರಿಯಲ್ಲಿ ಕುರಿಯೊಂದು ಈದಿತ್ತು. ಆ ತಾಯಿಕುರಿ ಅವನ ಕಾಲಿಗೆ ಒತ್ತಿಕೊಂಡು ಬರುತ್ತಿತ್ತು. ಅದರ ಎಡಗಿವಿಯಲ್ಲಿ ಎರಡು ಕಚ್ಚು.

“ಬಂದುವು ನೋಡ್ರಿ ಸಾಹೇಬ್ರ!” ಗುರುಬಾಯಿ ಎದ್ದು ಓಡಿದಳು. “ಕಿವಿ ನೋಡ್ರಿ, ಅದು ನಂದು, ಅದೂ ನಂದು, ಆ ಕರೀದೂ ನಂದು!”

ರಾಯರು ಗಡಿಯಾರ ನೋಡಿದರು, ಪುಸ್ತಕ ನೋಡಿದರು. “ಹೊತ್ತು ಮುಳುಗ್ಯದ, ಗುರುಬಾಯಿ.”

“ಬೆಳಕ ಐತ್ರಲ್ಲ?”

“ಬೆಳಕು ಅದ, ಸೂರ್ಯ ಇಲ್ಲ. ಹೊತ್ತು ಮುಳುಗಿದ ಮ್ಯಾಲ ಜಪ್ತಿ ಇಲ್ಲವ್ವಾ. ದೀಪಾ ಹಚ್ಚೋ ಹೊತ್ತಿನಾಗ ಲಕ್ಷ್ಮಿನ್ನ ಹೊರಗ ಎಳೀಬಾರದು. ಕಾಯ್ದೆನೂ ಹಂಗ ಹೇಳ್ತದ.”

ಗುರುಬಾಯಿ ಜಗಳಕ್ಕೆ ಬಾಯಿ ತೆರೆದಿದ್ದಳು. ಲಕ್ಷ್ಮಿಯ ಮಾತು ಬಂದದ್ದೇ ಮುಚ್ಚಿದಳು. ಅವಳ ಮನೆಯಲ್ಲೂ ದೀಪ ಹಚ್ಚಿದ ಮೇಲೆ ಏನೂ ಹೊರಗೆ ಕೊಡುವುದಿಲ್ಲ. “ಖರೇನ್ರಿ,” ಎಂದಳು. “ಹಂಗಾರ ಮುಂಜಾನಿ ಮೊದಲನೇ ಬಸ್ಸಿಗಿ ಬರ್ರಿ. ನಾ ಇಲ್ಲೇ ಕಾಯತೇನಿ.” ಮಹಾದೇವ ಮರಿ ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡುತ್ತ ನಿಂತಿದ್ದನಂತೆ. 

ರಾಯರು ಬಬಲೇಶ್ವರಕ್ಕೆ ಹೋಗಿ ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ತಿರುಗಿ ಬಂದರು. ದಡ್ಡಿಯ ಬೇಲಿ ಒಂದು ಕಡೆ ಕಿತ್ತುಹೋಗಿತ್ತು. ಗುರುಬಾಯಿ ಸೀರೆಯ ಅಂಚೆಲ್ಲ ಮುಳ್ಳಿಗೆ ಹರಿದುಕೊಂಡು ಬೇವಿನ ಕೆಳಗೆ ಕೂತಿದ್ದಳು. ಮಹಾದೇವ ಮತ್ತು ಅವನ ತಮ್ಮಂದಿರು ಹಿಂಡು ಹೊಡೆದುಕೊಂಡು ಹೋಗಿದ್ದರು. ಅವಳು ಒಂದು ಹರದಾರಿ ಬೆನ್ನು ಹತ್ತಿ ಓಡಿದ್ದಳು, ಕತ್ತಲಲ್ಲಿ ಗಂಟೆಯ ಸಪ್ಪಳವೂ ಕೇಳದಾಗಿತ್ತು. ಹಿಂಡು ಹೊಳೆ ದಾಟಿ ಹೋಯಿತೆಂದು ಆಮೇಲೆ ಸುದ್ದಿ ಬಂತು. ಮುಂದೆ ಮೂರು ವಾರಂಟು ಹೊರಟವು, ಮೂರೂ ಖಾಲಿ ಬಂದವು.

ಆ ದಿನದ ಷರಾ ನನಗೆ ಬಾಯಿಪಾಠ: “ಕುರಿಗಳು ಸಂಜೆ 6-20ಕ್ಕೆ ದಡ್ಡಿಗೆ ಬಂದವು. ಸೂರ್ಯಾಸ್ತ 6-14. ಕಾರಣ ಜಪ್ತಿ ಮಾಡಿಲ್ಲ.” ಕಚೇರಿಯಲ್ಲಿ ಎಲ್ಲರೂ ಅದನ್ನು ಓದಿ ಮೆಚ್ಚಿದೆವು. ಷರಾ ಅಂದರೆ ಹೀಗಿರಬೇಕು ಎಂದರು ನಮ್ಮ ಮೇಲಧಿಕಾರಿ ನಾಜರರು. ಗುರುಬಾಯಿಯ ವಕೀಲರು ಅದನ್ನು ಓದಿದರೋ ಇಲ್ಲವೋ, ಹೊಸ ವಾರಂಟಿಗೆ ಅರ್ಜಿ ಹಾಕಿ ಮುಂದಿನ ಕೇಸಿಗೆ ಓಡಿದರು. ನಾನು ಆ ಹಾಳೆಯನ್ನು ದಾರಕ್ಕೆ ಪೋಣಿಸಿ ಗಂಟು ಹಾಕಿದೆ. ಗುರುಬಾಯಿ ಬಾಗಿಲ ಬಳಿ ನಿಂತಿದ್ದಳು. ಮಗಳನ್ನು ಸಾಲಿಯಿಂದ ಬಿಡಿಸಿ ಟಿಕೋಟಾದ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೊರಟಿದ್ದೇನೆ, ಹೊಸ ವಿಳಾಸ ಬರೆದುಕೊಳ್ಳಿರಿ ಎಂದಳು. ಬರೆದುಕೊಂಡೆ.

ರಾಯರು ಎರಡು ಸಾವಿರದ ಹದಿನೇಳರಲ್ಲಿ ನಿವೃತ್ತರಾದರು. ನಾವಿಬ್ಬರೂ ಜಲನಗರದವರು, ಎರಡು ಓಣಿ ಆಚೆ ಈಚೆ. ಈ ವರ್ಷ ಫೆಬ್ರುವರಿಯಲ್ಲಿ ಒಂದು ಮುಂಜಾನೆ ನಾನು ಬಾಗಿಲಿಗೆ ನೀರು ಹಾಕುತ್ತಿದ್ದಾಗ ಅವರು ದಪ್ಪದೊಂದು ಪುಸ್ತಕವನ್ನು ಎದೆಗವಚಿಕೊಂಡು ಬಂದು ನಿಂತರು. ಕಾಲಲ್ಲಿ ಬೇರೆ ಬೇರೆ ಚಪ್ಪಲಿ. ನಾನು ಜಾನಕೀಬಾಯಿಯವರಿಗೆ ಏನಾಯಿತೋ ಎಂದು ಗಾಬರಿಯಾದೆ.

“ಬಾಯಾರ, ಇದನ್ನ ಓದ್ರಿ,” ಎಂದರು.

ಹಿಂದಿನ ದಿನ ಅವರ ಮೊಮ್ಮಗಳು ಮೃಣಾಲ ಕಾನೂನು ಪರೀಕ್ಷೆಗೆ ಓದುತ್ತಿದ್ದಳಂತೆ. ಅಜ್ಜ ಹುಮ್ಮಸ್ಸಿನಿಂದ ತಮ್ಮ ವ್ರತದ ಕಥೆ ಹೇಳಿ, ಹೊತ್ತು ಮುಳುಗಿದ ಮೇಲೆ ಜಪ್ತಿ ಇಲ್ಲ ಎಂದು ಬರೆದುಕೋ ಎಂದರಂತೆ. ಅವಳು ಪುಸ್ತಕ ತೆರೆದು, “ಹಂಗಿಲ್ಲ ಅಜ್ಜಾ, ವಾಸದ ಮನಿ ಒಳಗ ಹೋಗಬಾರದು ಅಂತ ಅದ. ಬಯಲಾಗ ಇದ್ದದ್ದು ಹಿಡೀಬಹುದು” ಎಂದಳಂತೆ. ರಾಯರು ರಾತ್ರಿಯಿಡೀ ಮಲಗಿರಲಿಲ್ಲ.

ನಾನು ಓದಿದೆ. ಅರವತ್ತೆರಡನೆಯ ಕಲಮು. ಓದುತ್ತಿದ್ದಂತೆ ನನಗೆ ಆ ಸಾಲು ಹೊಸದಲ್ಲ ಎಂದು ಗೊತ್ತಾಯಿತು. ಇಲಾಖಾ ಪರೀಕ್ಷೆಗೆ ನಾನು ಇದನ್ನು ಗಟ್ಟಿ ಮಾಡಿದ್ದೆ. ಐದು ಅಂಕದ ಪ್ರಶ್ನೆ, ಸರಿಯಾಗಿ ಬರೆದು ಪಾಸಾಗಿದ್ದೆ. ಪಾಸಾದ ಮರುದಿನ ಮರೆತೂ ಇದ್ದೆ. ಇಲ್ಲದಿದ್ದರೆ ರಾಯರು ಆ ವ್ರತದ ಕಥೆ ಹೇಳಿದ ಯಾವುದೇ ದಿನ ತಿದ್ದಬಹುದಿತ್ತು, ಆ ಸಂಜೆ ಹಿಂಡು ದಡ್ಡಿಯಲ್ಲೇ ಸಿಗುತ್ತಿತ್ತು. ಬದಲಿಗೆ ಅಡ್ಡಹೆಸರಿಟ್ಟು ನಗುತ್ತ ಕೂತಿದ್ದೆ.

“ಇದು ಈಗಿನ ತಿದ್ದುಪಡಿ ಇರಬೇಕರಿ, ರಾಯರ,” ಎಂದು ಸುಳ್ಳು ಹೇಳಿದೆ.

“ಸಾವಿರದ ಒಂಬೈನೂರಾ ಎಂಟರ ಕಾಯ್ದೆ, ಬಾಯಾರ.”

ಅವರು ಕಟ್ಟೆಯ ಮೇಲೆ ಕೂತರು. ಡಿಕ್ರಿಗೆ ಹನ್ನೆರಡು ವರ್ಷ ಆಯುಷ್ಯ. ಗುರುಬಾಯಿಯದು ಹೋದ ವರ್ಷವೇ ಮುಗಿದಿತ್ತು. ಇನ್ನು ಯಾವ ವಾರಂಟೂ ಇಲ್ಲ. ಇದನ್ನು ಅವರೂ ಬಲ್ಲರು, ನಾನೂ ಬಲ್ಲೆ. “ನಾ ಆಕಿಗೆ ಹೋಗಿ ಹೇಳಬೇಕು,” ಎಂದರು.

ನನಗೆ ಸಿಟ್ಟೇ ಬಂತು. “ಹೇಳಿದರ ಕುರಿ ಬರತಾವೇನ್ರಿ? ಹ್ವಾದ ಹುಣ್ಣ ಯಾಕ ಕೆದರತೀರಿ?”

“ತಪ್ಪು ಷರಾ ಬರದೀನಿ. ತಿದ್ದಿ ಸಹಿ ಮಾಡಬೇಕಲ್ಲ? ಬಿಟ್ಟರ ಹೆಂಗ?”

ಒಂದು ತಿಂಗಳು ತಡೆದೆ. ಜಾನಕೀಬಾಯಿಯವರೇ ಕೊನೆಗೆ ನನ್ನ ಕೈ ಹಿಡಿದು, “ಊಟಾ ಬಿಟ್ಟಾರ್ರಿ, ಒಮ್ಮೆ ಕರಕೊಂಡು ಹೋಗಿ ಬರ್ರಿ. ಹೇಳಿದರ ಇವರ ಎದಿಭಾರ ಇಳೀತದ” ಎಂದರು. ಅರಕೇರಿಯಲ್ಲಿದ್ದ ಗುರುಬಾಯಿಯ ಅಣ್ಣನನ್ನು ವಿಚಾರಿಸಿದೆವು. ಅವಳು ಇನ್ನೂ ಟಿಕೋಟಾದಲ್ಲೇ ಇದ್ದಾಳೆ, ಒಣದ್ರಾಕ್ಷಿ ಆರಿಸುವ ಶೆಡ್ಡಿನಲ್ಲಿ ಕೆಲಸ, ಮಗಳೂ ಅಲ್ಲೇ ಎಂದ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾವಿಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ರಾಯರು ಹೇಳಬೇಕಾದ ಮಾತನ್ನು ತುಟಿಯಲ್ಲೇ ಮಣಮಣ ಹೇಳಿಕೊಳ್ಳುತ್ತಿದ್ದರು.

ಶೆಡ್ಡಿನ ಮುಂದೆ ಹೆಂಗಸರು ಸಾಲಾಗಿ ಕೂತು ದ್ರಾಕ್ಷಿಯಲ್ಲಿ ಕಡ್ಡಿ ಆರಿಸುತ್ತಿದ್ದರು. ಗುರುಬಾಯಿಯ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಗುರುತು ಹಿಡಿಯುವ ಮೊದಲೇ ಅವಳು ರಾಯರನ್ನು ಗುರುತು ಹಿಡಿದಳು. ಕೈಯಲ್ಲಿದ್ದ ಮೊರ ಬಿಟ್ಟೆದ್ದು ನಿಂತು ಕೂಗಿದಳು: “ಏ, ನೋಡ್ರೇ! ನಾ ಹೇಳತಿದ್ನಲ್ಲ, ಹೊತ್ತಿನ ಸಾಹೇಬ್ರು, ಇವರ!”

ಹೆಂಗಸರೆಲ್ಲ ತಿರುಗಿ ನೋಡಿದರು, ಕೆಲವರು ಕೈಮುಗಿದರು. ರಾಯರು ನೆಲ ನೋಡಿದರು.

ಶೆಡ್ಡಿನ ಹಿಂದೆಯೇ ಅವಳ ಮನೆ. ಒಂದೇ ಕೋಣೆ, ತಗಡಿನ ಚಾವಣಿ. ಕಂಬಳಿ ಹಾಸಿ ನಮ್ಮನ್ನು ಕೂಡಿಸಿದಳು, ಸುಧಾರಾಣಿಗೆ ಚಹಾ ಇಡಲು ಹೇಳಿದಳು. ಸುಧಾರಾಣಿಗೆ ಈಗ ಇಪ್ಪತ್ತನಾಲ್ಕು. ಕಡ್ಡಿ ಆರಿಸಿ ಆರಿಸಿ ಬೆರಳ ತುದಿಗಳು ಕಪ್ಪಾಗಿದ್ದವು. “ಅವ್ವ ನಿಮ್ಮ ಕಥಿ ಹೇಳಿ ಹೇಳೇ ನನ್ನ ಬೆಳೆಸ್ಯಾಳ್ರಿ” ಎಂದು ನಕ್ಕು ಒಲೆ ಹಚ್ಚಿದಳು.

“ಸಾಹೇಬ್ರ, ನಿಮ್ಮ ಮ್ಯಾಲ ನನಗ ಒಂದ ದಿನಾನೂ ಸಿಟ್ಟ ಬಂದಿಲ್ಲರಿ,” ಎಂದಳು ಗುರುಬಾಯಿ. “ಮಂದಿ ಅಂದ್ರು, ಮಾದೇವ ರೊಕ್ಕಾ ಕೊಟ್ಟು ಬೇಲೀಫನ್ನ ಹೊಳ್ಳಿ ಕಳಿಸ್ಯಾನ ಅಂತ. ಬಾಯಾಗ ಹುಳಾ ಬಿದ್ದಾವು, ಹಂಗ ಅನಬ್ಯಾಡ್ರಿ ಅಂದೆ. ಆ ಮನಶ್ಯಾ ನನ್ನ ಕೈಯಾನ ನೀರ ಸೈತ ಕುಡದಿಲ್ಲ. ಕಾನೂನ ಬ್ಯಾಡ ಅಂತು, ಲಕ್ಷ್ಮಿ ಬ್ಯಾಡ ಅಂದ್ಳು, ನಾ ಯಾವಾಕಿ? ನನ್ನ ಕುರೀನ ಈಯಾಕ ಹತ್ತಿ ತಡಾ ಮಾಡ್ತು. ನನ್ನ ನಸೀಬದಾಗ ಆರ ನಿಮಿಷ ಇದ್ದಿಲ್ಲ, ಯಾರ್ನ ಬಯ್ಯಲಿ? ಹಂಗಂತ ಹನ್ನೊಂದ ವರ್ಷ ಆರಾಮ ಉಂಡೇನಿ, ಆರಾಮ ಮಲಗೇನಿ.”

ನಾನು ರಾಯರ ಮೊಣಕೈ ಒತ್ತಿದೆ. ಬೇಡ, ಚಹಾ ಕುಡಿದು ಎದ್ದುಬಿಡೋಣ ಎಂದು. ಅವರಿಗೆ ಅರ್ಥವಾಯಿತು. ಆದರೂ ಅವರು ಕೈ ಎಳೆದುಕೊಂಡರು.

“ಗುರುಬಾಯಿ, ನಾ ತಪ್ಪು ಷರಾ ಬರದೀನಿ.”

“ಯಾವ ತಪ್ಪರಿ?”

“ಹೊತ್ತು ಮುಳುಗಿದ ಮ್ಯಾಲ ಜನಾ ಇರೋ ಮನಿ ಒಳಗ ಹೋಗಬಾರದು ಅಂತ ಅಷ್ಟ ಅದ ಕಾಯ್ದೆ ಒಳಗ. ದಡ್ಡಿಗೆ ಅದು ಹತ್ತೂದಿಲ್ಲ. ನಾ ಪೂರ್ತಿ ಓದಿರಲಿಲ್ಲ. ಅವತ್ತ ನಿನ್ನ ಕುರಿ ಹಿಡೀಬಹುದಿತ್ತು.”

“ಕತ್ತಲ ಆಗಿದ್ರೂ?”

“ಕತ್ತಲಾಗಿದ್ರೂ.”

ಒಲೆಯ ಮೇಲೆ ಚಹಾ ಉಕ್ಕಿತು. ಸುಧಾರಾಣಿ ಇಳಿಸಲಿಲ್ಲ. ಗುರುಬಾಯಿ ಮಗಳ ಕಡೆ ತಿರುಗಿ, “ಸುಧಾ, ಸಾಲಿ ಬಿಡಿಸಿದಾಗ ನೀ ಎಷ್ಟನೇ ಇಯತ್ತ್ಯಾಗ ಇದ್ದಿ?” ಎಂದು ಕೇಳಿದಳು.

“ಏಳನೇ ಇಯತ್ತ್ಯಾಗ ಬೇ.”

 ಗುರುಬಾಯಿ ಕಂಬಳಿಯ ಎಳೆ ಕೀಳುತ್ತ ಕೂತಿದ್ದಳು. ಹನ್ನೊಂದು ವರ್ಷ ಅವಳು ಯಾವುದನ್ನು ಗಟ್ಟಿಯಾಗಿ ಹಿಡಿದುಕೊಂಡು ಬದುಕಿದ್ದಳೋ ಅದನ್ನು ನಾವು ಬಸ್ಸಿನ ಟಿಕೆಟು ತೆಗೆಸಿ ಬಂದು ಕಸಿದುಕೊಂಡಿದ್ದೆವು. ಈ ಜಪ್ತಿಗೆ ವಾರಂಟೂ ಇರಲಿಲ್ಲ. ರಾಯರ ಎದೆಭಾರ ಇಳಿಯಿತೋ ಇಲ್ಲವೋ ನಾನು ಕಾಣೆ. ಇಳಿದಿದ್ದರೆ ಅದು ಸೇರಿದ್ದು ಅವಳ ಎದೆಗೇ.

“ಯಾವಾಗ ತಿಳೀತರಿ ನಿಮಗ?” ಎಂದಳು.

“ಹೋದ ತಿಂಗಳ.”

“ಇಷ್ಟ ವರ್ಷ ತಿಳೀಲಾರದ್ದು, ನಾ ಸಾಯೂ ತನಕಾ ತಿಳೀಲಾರದ ಇರಬಾರದಿತ್ತೇನ್ರಿ?”

ರಾಯರು ಕೈ ಜೋಡಿಸಿದರು.  ನಾನೂ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಆ ಷರಾವನ್ನು ದಾರಕ್ಕೆ ಪೋಣಿಸಿದವಳು ನಾನೇ ಎಂದು ಹೇಳಲು ಆ ಕೋಣೆಯಲ್ಲಿ ನನಗೆ ಬಾಯಿ ಬರಲಿಲ್ಲ. ಈವರೆಗೂ ಯಾರ ಮುಂದೆಯೂ ಹೇಳಿಲ್ಲ. ಪಂಚಾಂಗ ಎಂದು ನಗುತ್ತಿದ್ದೆನಲ್ಲ, ಆ ಮನುಷ್ಯನಿಗಿದ್ದ ಧೈರ್ಯದ ಅರ್ಧವೂ ನನಗಿರಲಿಲ್ಲ.

ಗುರುಬಾಯಿ ಎದ್ದಳು. ಗೂಡಿನಿಂದ ದೀಪ ಇಳಿಸಿ, ಸೆರಗಿನಿಂದ ಒರೆಸಿ, ಬತ್ತಿ ಸರಿ ಮಾಡಿ ಎಣ್ಣೆ ಹಾಕಿದಳು. ನಮ್ಮ ಕಡೆ ನೋಡದೆಯೇ ಹೇಳಿದಳು:

“ಇದು ಜನಾ ಇರೂ ಮನಿ ಐತ್ರಿ, ಸಾಹೇಬ್ರ. ಹೊತ್ತ ಮುಳುಗಿದ ಮ್ಯಾಲ ನೀವು ಒಳಗ ಇರೂಹಂಗಿಲ್ಲ. ನಡೀರಿ.”

ರಾಯರು ಅಭ್ಯಾಸದಂತೆ ಕೈ ಎತ್ತಿ ಗಡಿಯಾರ ನೋಡಿದರು. ಸೂರ್ಯಾಸ್ತಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಅವರು ಕೈ ಇಳಿಸಿ, ಗೋಡೆ ಹಿಡಿದು ಎದ್ದು, ಚಪ್ಪಲಿ ಹುಡುಕಲು ಹೊರಗೆ ಹೋದರು.